ಡೇನಿಯಲ್ ಕೋಶದ ಕಿಟ್: ಪಟ್ಟಿಗಳು ಗಟ್ಟಿ, ಸಾಲ್ಟ್ ಬ್ರಿಡ್ಜ್ ಮಾತ್ರ ಕೈಯಾರೆ ಮಾಡಿಕೊಳ್ಳಿ

ರಾಯಚೂರು, ಕೊಪ್ಪಳ ಕಡೆಯ ಪಿಯು ಕಾಲೇಜುಗಳ ಲ್ಯಾಬಿಗೆ ಮಾರಲು ಬರುವ, ಸತು-ತಾಮ್ರದಿಂದ ವಿದ್ಯುತ್ ತೆಗೆಯುವ ಡೇನಿಯಲ್ ಕೋಶದ ಕಿಟ್ ಇದು. ಎರಡು ಬೀಕರ್, ಸತು ಮತ್ತು ತಾಮ್ರದ ಪಟ್ಟಿ, ಎರಡು ಸಲ್ಫೇಟ್ ಪೊಟ್ಟಣ, ಕ್ಲಿಪ್ ಇರುವ ವೈರು, ಎರಡು ಬೀಕರಿನ ದ್ರಾವಣಗಳನ್ನು ಜೋಡಿಸಲು ಲವಣದ ಜೆಲ್ ತುಂಬಿದ ಒಂದು ಯು-ಟ್ಯೂಬ್, ಅಂದರೆ ಸಾಲ್ಟ್ ಬ್ರಿಡ್ಜ್. ಪಟ್ಟಿಗಳು ದಪ್ಪಗಿವೆ, ಎಮರಿ ಪೇಪರಿನಿಂದ ತಿಕ್ಕಿ ಎಷ್ಟೋ ಬ್ಯಾಚ್‌ಗೆ ಬಳಸಬಹುದು. ತಕರಾರು ಇರುವುದು ಟ್ಯೂಬಿನದೇ.

ಅದನ್ನು ಹತ್ತಿ ಸುತ್ತಿ ಒಣದಾಗಿಯೇ ಪ್ಯಾಕ್ ಮಾಡಿದ್ದಾರೆ. ನಮ್ಮ ಬಿಸಿಲಿಗೆ ಜೆಲ್ ನೀರು ಬಿಟ್ಟು ಕುಗ್ಗಿ ಗಾಜಿನಿಂದ ಕಳಚುತ್ತದೆ, ನಡುವೆ ಬಿರುಕು ಬೀಳುತ್ತದೆ. ಬಿರುಕು ಬಿದ್ದ ಕಡೆ ಅಯಾನುಗಳ (ವಿದ್ಯುದಂಶ ಹೊತ್ತ ಕಣಗಳ) ದಾರಿ ಕಡಿದಂತೆಯೇ. ಸತು ಕರಗಿದಂತೆ ಆ ಬೀಕರಿನಲ್ಲಿ ಧನ ಅಯಾನು ಹೆಚ್ಚುತ್ತದೆ. ಈಚೆ ದ್ರಾವಣದ ತಾಮ್ರವು ಪಟ್ಟಿಗೆ ಅಂಟುತ್ತಾ ಹೋದಂತೆ ಸಲ್ಫೇಟ್ ದ್ರಾವಣದಲ್ಲೇ ಉಳಿದುಬಿಡುತ್ತದೆ. ಬ್ರಿಡ್ಜಿನೊಳಗಿನ ಪೊಟ್ಯಾಸಿಯಂ ನೈಟ್ರೇಟ್ ಲವಣದಿಂದ ನೈಟ್ರೇಟ್ ಸತುವಿನ ಕಡೆಗೂ ಪೊಟ್ಯಾಸಿಯಂ ತಾಮ್ರದ ಕಡೆಗೂ ಸರಿದರೆ ಮಾತ್ರ ಎರಡೂ ದ್ರಾವಣ ತಟಸ್ಥವಾಗಿದ್ದು ವಿದ್ಯುತ್ ಹರಿಯುತ್ತಿರುತ್ತದೆ. ಕಿಟ್ ಜೊತೆಯ ಚಾರ್ಟಿನಲ್ಲಿ ಬ್ರಿಡ್ಜಿನೊಳಗೆ ಎಲೆಕ್ಟ್ರಾನಿನ ಬಾಣ ಹಾಕಿದ್ದಾರೆ. ಇದು ಶುದ್ಧ ತಪ್ಪು. ಎಲೆಕ್ಟ್ರಾನ್ ಹರಿಯುವುದು ವೈರಿನಲ್ಲಿ ಮಾತ್ರ. ಮಕ್ಕಳು ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ಕಳೆದುಕೊಳ್ಳುತ್ತಾರೆ, ಚಾರ್ಟ್ ಗೋಡೆಗೆ ಹಾಕುವ ಮುಂಚೆ ಆ ಬಾಣ ಅಳಿಸಿಬಿಡಿ.

ಮೀಟರ್ 1.1 ವೋಲ್ಟ್ ತೋರಿಸಿತು, ಬ್ರಿಡ್ಜ್ ಚೆನ್ನಾಗಿದೆ ಎಂದುಕೊಳ್ಳಬೇಡಿ. ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್, ಹಾಗಾಗಿ ಅರ್ಧ ಒಣಗಿದ ಜೆಲ್ ಇದ್ದರೂ ಅಳತೆ ಸರಿಯಾಗಿಯೇ ಕಾಣುತ್ತದೆ. ಎರಡು ಪಟ್ಟಿಗಳ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿ ನೋಡಿ, ಆಗ ಬಣ್ಣ ಬಯಲಾಗುತ್ತದೆ. ಈ ಕಿಟ್ಟಿನ ಟ್ಯೂಬಿನ ಒಳವ್ಯಾಸ 4 ಮಿ.ಮೀ., ಉದ್ದ 20 ಸೆಂ.ಮೀ. ಜೆಲ್ ಹೊಸದಾಗಿ, 1 ಮೋಲಾರ್ (ಲೀಟರಿಗೆ ಸುಮಾರು 101 ಗ್ರಾಂ) ಪೊಟ್ಯಾಸಿಯಂ ನೈಟ್ರೇಟಿನದ್ದೇ ಆಗಿದ್ದರೂ ಅದರ ರೋಧ ಸುಮಾರು 1.7 ಕಿಲೋ ಓಮ್ ಆಗುತ್ತದೆ, ಅಂದರೆ ವೋಲ್ಟೇಜ್ 0.4ಕ್ಕೆ ಇಳಿಯುತ್ತದೆ. ಅಷ್ಟೇ ಉದ್ದದ 8 ಮಿ.ಮೀ. ಟ್ಯೂಬಿನಲ್ಲಿ ರೋಧ ನಾಲ್ಕನೇ ಒಂದು ಭಾಗ, 0.77ರ ಆಸುಪಾಸು ಸಿಗುತ್ತದೆ. ಪೆಟ್ಟಿಗೆಯ ಮೇಲೆ 'ಎಲ್‌ಇಡಿ ಬೆಳಗುತ್ತದೆ' ಎಂದು ಬರೆದಿದೆ. ಕೆಂಪು ಎಲ್‌ಇಡಿಗೂ 1.7 ವೋಲ್ಟಿನಷ್ಟು ಬೇಕು, ಒಂದು ಕೋಶದಿಂದ ಅದು ಆಗದ ಮಾತು.

ಹೊಸ ಬ್ರಿಡ್ಜ್ ಮಾಡುವುದು ಕಷ್ಟವಲ್ಲ. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 3 ಗ್ರಾಂ ಅಗರ್ (ಜೆಲ್ ಕಟ್ಟುವ ಪುಡಿ) ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಪೂರ್ತಿ ತಿಳಿಯಾಗುವವರೆಗೆ ಕಾಯಿಸಿ, 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಕರಗಿಸಿ. ಅಗರ್ ಸಿಗದಿದ್ದರೆ ಕಿರಾಣಿ ಅಂಗಡಿಯ ಚೈನಾ ಗ್ರಾಸ್ ನಡೆಯುತ್ತದೆ, ಮೊದಲು ನೆನೆಸಿಡಬೇಕು. ತರಗತಿಯಲ್ಲಿ ಮಾಡಿ ತೋರಿಸುವುದಕ್ಕೆ ದಾಳಿಂಬೆ ಬೆಳೆಗಾರರು ಡ್ರಿಪ್‌ಗೆ ಬಿಡುವ 13:0:45 ಗೊಬ್ಬರವೂ ಸಾಕು, ಅದು ಪೊಟ್ಯಾಸಿಯಂ ನೈಟ್ರೇಟೇ. ಬೋರ್‌ವೆಲ್ ನೀರು ಬೇಡ, ಅದರ ಗಡಸುತನಕ್ಕೆ ಸತುವಿನ ದ್ರಾವಣ ಮಬ್ಬಾಗುತ್ತದೆ. ಬಿಸಿ ಇರುವಾಗಲೇ ಸಿರಿಂಜಿನಿಂದ ಟ್ಯೂಬಿನ ಒಂದು ತುದಿಯಿಂದ ನಿಧಾನವಾಗಿ ತುಂಬಿ. ಬಾಗಿನಲ್ಲಿ ಒಂದು ಗುಳ್ಳೆ ಅಡ್ಡ ನಿಂತರೂ ಎಲ್ಲ ವ್ಯರ್ಥ, ಮತ್ತೆ ಕಾಯಿಸಿ ತುಂಬಬೇಕು. ಅಗರ್ ಗಟ್ಟಿಯಾಗುವುದು 32ರಿಂದ 40 ಡಿಗ್ರಿಯೊಳಗೆ. ಏಪ್ರಿಲ್, ಮೇ ಮಧ್ಯಾಹ್ನ ಬಳ್ಳಾರಿಯ ಲ್ಯಾಬಿನಲ್ಲಿ ಅದು ಸಡಿಲವಾಗಿಯೇ ನಿಂತುಬಿಡಬಹುದು, ಟ್ಯೂಬನ್ನು ತಣ್ಣೀರಿನಲ್ಲಿ ನಿಲ್ಲಿಸಿ. ಒಮ್ಮೆ ಗಟ್ಟಿಯಾದ ಮೇಲೆ ಚಿಂತೆಯಿಲ್ಲ, ಮತ್ತೆ ಕರಗಲು ಸುಮಾರು 85 ಡಿಗ್ರಿ ಬೇಕು.

ಬಳಸದಿದ್ದಾಗ ಬ್ರಿಡ್ಜ್ ಇಡುವುದು ಬರೀ ನೀರಿನಲ್ಲಲ್ಲ, ಅದೇ ಲವಣದ ದ್ರಾವಣದಲ್ಲಿ. ಬರೀ ನೀರಿನಲ್ಲಿಟ್ಟರೆ ಲವಣ ಹೊರಗೆ ಸೋರಿ ರೋಧ ಏರುತ್ತದೆ. ಪ್ರಯೋಗ ಮುಗಿದ ಕೂಡಲೇ ಬೀಕರಿನಿಂದ ತೆಗೆಯಿರಿ, ಇಲ್ಲವಾದರೆ ತಾಮ್ರದ ನೀಲಿ ಜೆಲ್ಲಿನೊಳಗೆ ಹತ್ತುತ್ತಾ ಹೋಗಿ ಸತುವನ್ನು ಮುಟ್ಟಿ ಕಪ್ಪು ಪದರ ಕಟ್ಟುತ್ತದೆ. ಸತು-ತಾಮ್ರಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಕೂಡ ಸರಿ, ಬೆಳ್ಳಿ ಎಲೆಕ್ಟ್ರೋಡಿಗೆ ಮಾತ್ರ ಬೇಡವೇ ಬೇಡ, ಸಿಲ್ವರ್ ಕ್ಲೋರೈಡ್ ಬಿಳಿಯಾಗಿ ಇಳಿದು ತುದಿ ಮುಚ್ಚಿಹೋಗುತ್ತದೆ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಅಯಾನು ಕ್ಲೋರೈಡ್ ಅಯಾನಿಗಿಂತ ನಿಧಾನ ಚಲಿಸುವುದರಿಂದ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಬೀಳುತ್ತದೆ. ದ್ರಾವಣದ ಸಾರತೆ ಬದಲಾದರೆ ವೋಲ್ಟೇಜ್ ಎಷ್ಟು ಬದಲಾಗುತ್ತದೆ ಎಂದು ಅಳೆಯುವ ನೆರ್ನ್‌ಸ್ಟ್ ಪ್ರಯೋಗದಲ್ಲಿ ತಾಮ್ರದ ದ್ರಾವಣವನ್ನು ನೂರು ಪಟ್ಟು ತೆಳುಮಾಡಿದರೂ ಇಳಿಯುವುದು 59 ಮಿಲಿವೋಲ್ಟಿನ ಆಸುಪಾಸು ಮಾತ್ರ, ಅಲ್ಲಿ ಅಷ್ಟು ದೋಷವೂ ದೊಡ್ಡದು.

ಪಟ್ಟಿ, ಬೀಕರ್ ಬೇಕಿರುವ ಕಾಲೇಜು ಈ ಕಿಟ್ ಕೊಳ್ಳಬಹುದು. ಕೊಳ್ಳುವಾಗ ಖಾಲಿ 8 ಮಿ.ಮೀ. ಯು-ಟ್ಯೂಬ್ ಎರಡು ಸೇರಿಸಿ ಕೊಡಿ ಎಂದು ಕೇಳಿ.