ಹುಬ್ಬಳ್ಳಿಯಲ್ಲಿ ಏರ್ ರೈಫಲ್‌ಗೆ ಹೊಸ ಬಿಡಿಭಾಗ

ಕೊಪ್ಪೀಕರ್ ರಸ್ತೆ ಹತ್ತಿರ ಏರ್ ರೈಫಲ್ ಬಿಡಿಭಾಗ ಮಾರುವ ಈ ಸಣ್ಣ ಅಂಗಡಿ ನನಗೆ ತುಂಬಾ ಹಿಡಿಸಿತು. ನಮ್ಮ 4.5 ಎಂಎಂ ಸ್ಪ್ರಿಂಗ್ ಏರ್ ರೈಫಲ್ ತೋರಿಸಿದ ಕೂಡಲೇ ಮಾಲೀಕರು ಕೇಳಿದ್ದು ಒಂದೇ ಮಾತು: "ಸ್ಪರ್ಧೆಗೋ, ಸುಮ್ನೆ ಅಭ್ಯಾಸಕ್ಕೋ?" 10 ಮೀಟರ್ ಸ್ಪರ್ಧೆಯಲ್ಲಿ ಸ್ಕೋಪ್ (ಗುರಿಯನ್ನು ದೊಡ್ಡದಾಗಿ ತೋರಿಸುವ ದುರ್ಬೀನು) ನಡೆಯುವುದಿಲ್ಲ, ಪೀಪ್ ಸೈಟ್ (ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಸಾಧನ) ಬೇಕು. ನನ್ನದು ಬರೀ ಅಭ್ಯಾಸ, ಹಾಗಾಗಿ ಸ್ಕೋಪ್ ಆರಿಸಿದೆವು.

ಇಲ್ಲಿ ಅವರ ಅನುಭವ ಕಾಣಿಸಿತು. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಒದೆಯುತ್ತದೆ. ಸಾಧಾರಣ ಸ್ಕೋಪ್ ಆ ಒದೆತ ತಡೆದುಕೊಳ್ಳುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ್ದ ನನ್ನ ಹಳೆಯದು ಹಾಗೇ ಹಾಳಾಗಿತ್ತು. ಇವರು ಏರ್ ರೈಫಲ್‌ಗೆಂದೇ ಮಾಡಿದ್ದನ್ನು ಕೊಟ್ಟರು. ಫೋಕಸ್ ಹತ್ತಿರಕ್ಕೂ ಹೊಂದುತ್ತದೆ, 10 ಮೀಟರ್‌ನಲ್ಲಿ ಗುರಿ ಸ್ಪಷ್ಟ. ಸ್ಕೋಪ್ ಜಾರದಂತೆ ಅದನ್ನು ಕೂರಿಸುವ 11 ಎಂಎಂ ರೈಲ್ (ರೈಫಲ್ ಮೇಲಿನ ಪಟ್ಟಿ) ಮೇಲೆ ಸ್ಟಾಪರ್ ಕೂಡ ಹಾಕಿದರು. ಅದೇ ಮುಖ್ಯ, ಅಲ್ವಾ?

ಭುಜಕ್ಕೆ ತಾಗುವ ರಬ್ಬರ್ ಪ್ಯಾಡ್ ಚೆನ್ನಾಗಿದೆ. ದರ ಸ್ವಲ್ಪ ಜಾಸ್ತಿ.

ಗಟ್ಟಿ ಸ್ಪ್ರಿಂಗ್ ಹಾಕಿಕೊಡಿ ಎಂದು ಪಕ್ಕದಲ್ಲಿದ್ದ ಹುಡುಗ ಕೇಳಿದ. ಮಾಲೀಕರು ಒಪ್ಪಲಿಲ್ಲ. ಗಟ್ಟಿ ಸ್ಪ್ರಿಂಗ್‌ನಿಂದ ಗುಂಡಿನ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕಾಗುತ್ತದೆ ಎಂದು ಕೂರಿಸಿಕೊಂಡು ಹೇಳಿದರು. ಗಿರಾಕಿ ಹೋದರೂ ಪರವಾಗಿಲ್ಲ ಅನ್ನುವ ಇಂಥವರ ಕೈಗೆ ನಾನು ಧೈರ್ಯವಾಗಿ ರೈಫಲ್ ಕೊಡುತ್ತೇನೆ.