‘ನೋವೇ ಆಗಂಗಿಲ್ಲ’ ಅನ್ನುವ ಟ್ಯಾಟೂ ಅಂಗಡಿಯನ್ನು ನಂಬಬೇಡಿ

ಮೊನ್ನೆ ಕಾಕಾನ ಮಗಳು ಫೋನ್ ಮಾಡಿದ್ದಳು. ಟ್ಯಾಟೂ ಹಾಕಿಸಿಕೊಳ್ಳಬೇಕಂತೆ, ಅಂಗಡಿಯನ್ನೂ ನೋಡಿ ಬಂದಿದ್ದಾಳೆ. "ಅಕ್ಕಾ, ಅಲ್ಲಿ ಕ್ರೀಮ್ ಹಚ್ತಾರಂತ, ನೋವು ಗೊತ್ತ ಆಗಂಗಿಲ್ಲಂತ" ಅಂದಳು. ಆ ಮಾತು ಕೇಳಿ ನನ್ನ ಎದೆ ಧಸಕ್ಕಂತು. ಹೋದ ವರ್ಷ ಏಪ್ರಿಲ್‌ನಲ್ಲಿ, ಇದೇ ವಿಜಯಪುರದಲ್ಲಿ, ಇದೇ ಮಾತು ನಂಬಿ ನಾನು ಆಸ್ಪತ್ರೆ ಸೇರಿದ್ದೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳ ಹಾಗೆ ಇನ್ನೂ ಎಷ್ಟು ಜನ ಹೊರಟಿದ್ದಾರೋ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಆಯಿ, ಅಂದರೆ ಅವ್ವನ ಅವ್ವ, ಇಂಡಿ ಕಡೆಯ ಹಳ್ಳಿಯವಳು. ಅವಳ ಎಡಗೈ ಮೇಲೆ ಹಚ್ಚೆ ಇತ್ತು. ಮುಂಗೈ ಒಳಭಾಗದಲ್ಲಿ ತುಳಸಿ ಕಟ್ಟೆ, ಅದರ ಸುತ್ತ ಚುಕ್ಕಿ, ಕೆಳಗೆ ಒಂದು ಚೇಳು. ಸಣ್ಣ ಹುಡುಗಿಯಾಗಿದ್ದಾಗ ಮನೆ ಮುಂದೆ ಬಂದ ಕೊರವಂಜಿಗೆ ಮೊರದ ತುಂಬ ಜೋಳ ಕೊಟ್ಟು ಹಾಕಿಸಿದ್ದರಂತೆ. ಇಬ್ಬರು ಹಿಡಿದುಕೊಂಡಿದ್ದರಂತೆ, ಅಷ್ಟು ಅತ್ತಿದ್ದಳಂತೆ. "ಬಂಗಾರ ಇಲ್ಲೇ ಬಿಟ್ಟು ಹೋಗಬೇಕು, ಇದೊಂದ ನಮ್ಮ ಜೋಡಿ ಬರತೈತಿ" ಅನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ತುಳಸಿ ಕಟ್ಟೆ ನನ್ನ ಕೈ ಮೇಲೂ ಇರಬೇಕು ಅನ್ನಿಸಿತು. ಅವಳ ಕೈ ಕಾಣುವ ಒಂದು ಫೋಟೋ ನನ್ನ ಫೋನಿನಲ್ಲಿತ್ತು.

ಆದರೆ ನನಗೆ ಸೂಜಿ ಅಂದರೆ ಚಿಕ್ಕಂದಿನಿಂದಲೂ ಭಯ. ರಕ್ತ ಪರೀಕ್ಷೆಗೆ ಕೈ ಕೊಡುವಾಗಲೂ ಮುಖ ಆ ಕಡೆ ತಿರುಗಿಸುತ್ತೇನೆ. ಅದಕ್ಕೇ ನೋವಿಲ್ಲದೆ ಹಾಕುವ ಅಂಗಡಿ ಹುಡುಕಿದೆ. ಸಿಕ್ಕಿತು. ಅಂಗಡಿ ಚೆನ್ನಾಗಿಯೇ ಇತ್ತು, ಏಸಿ ಇತ್ತು. "ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಇರುವಿ ಕಚ್ಚಿದಂಗೂ ಆಗಂಗಿಲ್ಲ" ಅಂದ ಅಲ್ಲಿನ ಹುಡುಗ. ಕ್ರೀಮಿಗೆ ಬೇರೆ 500 ರೂಪಾಯಿ. ಖುಷಿಯಿಂದ ಕೊಟ್ಟೆ.

ಅವತ್ತು ಸೋಮವಾರ. ನನಗೆ ಉಪವಾಸ, ಬೆಳಿಗ್ಗೆಯಿಂದ ಎರಡು ಕಪ್ ಚಹಾ ಬಿಟ್ಟು ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಊಟ ಆಗಿದೆಯಾ ಅಂತ ಅವನು ಕೇಳಲಿಲ್ಲ. ಹಚ್ಚೆಗೂ ಊಟಕ್ಕೂ ಸಂಬಂಧ ಇದೆ ಅಂತ ನನಗೆ ಗೊತ್ತೂ ಇರಲಿಲ್ಲ.

ಕ್ರೀಮ್ ಇದ್ದದ್ದು ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಹೆಸರಿಲ್ಲ, ಒಳಗೆ ಏನಿದೆ ಅಂತ ಬರೆದಿರಲಿಲ್ಲ, ತಾರೀಕು ಇರಲಿಲ್ಲ. ಈಗ ನೆನೆಸಿಕೊಂಡರೆ ಅಲ್ಲೇ ಎದ್ದು ಬರಬೇಕಿತ್ತು. ನಾನು ಹಾಕಿಸಬೇಕಿದ್ದ ತುಳಸಿ ಕಟ್ಟೆ ಅಂಗೈಯಷ್ಟು ದೊಡ್ಡದು, ಅಷ್ಟೇ. ಅವನು ಮಣಿಕಟ್ಟಿನಿಂದ ಮೊಣಕೈ ದಾಟಿ ಮೇಲಿನವರೆಗೂ ರೊಟ್ಟಿಗೆ ಬೆಣ್ಣೆ ಬಳಿದ ಹಾಗೆ ದಪ್ಪಗೆ ಬಳಿದ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿದ. ಹಾಗೇ ಒಂದೂವರೆ ತಾಸು ಕೂರಿಸಿದ. ನಡುವೆ ಕರೆಂಟ್ ಹೋಯಿತು, ಏಸಿ ನಿಂತಿತು. ಏಪ್ರಿಲ್ ತಿಂಗಳ ವಿಜಯಪುರದ ಸೆಖೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಒಳಗೆ ಕೈ ಬೆವರಿನಲ್ಲಿ ತೊಯ್ದು ಹೋಗಿತ್ತು. ಬಿಚ್ಚಿದಾಗ ಚರ್ಮ ಬೆಳ್ಳಗೆ ಬಿಳುಚಿಕೊಂಡು, ತುಂಬ ಹೊತ್ತು ನೀರಿನಲ್ಲಿ ನೆನೆದ ಹಾಗೆ ಮೆತ್ತಗಾಗಿತ್ತು.

ಸೂಜಿ ಇಟ್ಟಾಗ ನಿಜವಾಗಿಯೂ ಏನೂ ಗೊತ್ತಾಗಲಿಲ್ಲ. ಮಷಿನ್ನಿನ ಗುಂಯ್ ಸದ್ದು, ಮೂಳೆಯಲ್ಲಿ ಸಣ್ಣ ನಡುಕ, ಅಷ್ಟೇ. ಜೊತೆಗೆ ಬಂದಿದ್ದ ಗೆಳತಿಗೆ "ನೋಡು, ಸುಮ್ನೆ ಹೆದರಿದ್ದೆ" ಅಂದೆ. ಅವನು ಒತ್ತಿ ಒತ್ತಿ ಗೆರೆ ಎಳೆಯುತ್ತಿದ್ದ. ರಕ್ತ ಜಾಸ್ತಿಯೇ ಬರುತ್ತಿತ್ತು. ನನಗೆ ನೋವಿರಲಿಲ್ಲವಲ್ಲ, ಹಾಗಾಗಿ ತಡೆಯಬೇಕು ಅಂತಲೂ ಹೊಳೆಯಲಿಲ್ಲ.

ಮುಕ್ಕಾಲು ತಾಸು ಕಳೆದಿರಬೇಕು. ಒಮ್ಮೆಲೇ ಮರಗಟ್ಟಿದ್ದು ಬಿಟ್ಟಿತು. ನಿಧಾನವಾಗಿ ಅಲ್ಲ, ಬಾಗಿಲು ತೆರೆದ ಹಾಗೆ. ಅಷ್ಟು ಹೊತ್ತು ಕೆರೆದಿದ್ದ ಚರ್ಮದ ಉರಿ ಎಲ್ಲ ಒಟ್ಟಿಗೇ ಬಂತು. ಕೂಗಿಕೊಂಡು ಕೈ ಎಳೆದುಕೊಂಡೆ. ಅವನು ಬಾಟಲಿಯಿಂದ ಏನೋ ಔಷಧಿಯನ್ನು ರಕ್ತ ಒಸರುತ್ತಿದ್ದ ಗಾಯದ ಮೇಲೇ ಸಿಂಪಡಿಸಿದ. ಅದರ ಮೇಲೆ ಮತ್ತೆ ಅದೇ ಡಬ್ಬಿಯ ಕ್ರೀಮ್ ಬಳಿದ.

ಹತ್ತು ಹದಿನೈದು ನಿಮಿಷದಲ್ಲಿ ತುಟಿ ಜೋಮು ಹಿಡಿಯಿತು. ಕ್ರೀಮ್ ಹಚ್ಚಿದ್ದು ಕೈಗೆ, ಜೋಮು ಹಿಡಿದದ್ದು ತುಟಿಗೆ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಬಾಯಲ್ಲಿ ಹಿತ್ತಾಳೆ ನೆಕ್ಕಿದ ಹಾಗೆ ರುಚಿ. ಕಿವಿಯಲ್ಲಿ ಗುಂಯ್ ಅಂತ ಸದ್ದು. ಮಷಿನ್ ನಿಂತಿತ್ತು, ಸದ್ದು ನಿಲ್ಲಲಿಲ್ಲ. ಎದೆ ಡವಡವ ಹೊಡೆದುಕೊಂಡು ನಡುವೆ ಒಂದೊಂದು ಬಡಿತ ತಪ್ಪಿದ ಹಾಗೆ ಅನ್ನಿಸುತ್ತಿತ್ತು. "ಹೆದರಿಕಿಗೆ ಹಂಗ ಆಗತೈತ್ರಿ, ತಣ್ಣಂದು ಏನರ ಕುಡೀರಿ" ಅಂದ ಅವನು. ನನ್ನ ಗೆಳತಿ ಅವನ ಮಾತಿಗೆ ಕಾಯದೆ ಆಟೋ ಕರೆದಳು. ಅವತ್ತು ಅವಳು ಇರದಿದ್ದರೆ ಏನಾಗುತ್ತಿತ್ತೋ.

ಆಸ್ಪತ್ರೆಯಲ್ಲಿ ಮೊದಲು ಮಾಡಿದ ಕೆಲಸ ಕೈ ಮೇಲಿನ ಕ್ರೀಮ್ ಪೂರ್ತಿ ತೊಳೆದದ್ದು. ಆಮೇಲೆ ಇಸಿಜಿ, ಸಲೈನ್, ರಾತ್ರಿ ಹತ್ತರವರೆಗೆ ಮಾನಿಟರ್. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ಕ್ರೀಮ್, ಎಷ್ಟು ಪರ್ಸೆಂಟ್?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವರೇ ಬಿಡಿಸಿ ಹೇಳಿದರು. ಇಂಥ ಕ್ರೀಮ್‌ಗಳಲ್ಲಿ ಸಾಮಾನ್ಯವಾಗಿ ಲಿಡೋಕೇನ್ ಇರುತ್ತದೆ, ಕೆಲವದರಲ್ಲಿ ಜೊತೆಗೆ ಪ್ರಿಲೋಕೇನ್. ಲಿಡೋಕೇನ್ ನರ ಸಾಗಿಸುವ ಸುದ್ದಿಯನ್ನು ತಡೆಯುತ್ತದೆ, ಅದಕ್ಕೇ ನೋವು ಗೊತ್ತಾಗುವುದಿಲ್ಲ. ಅದೇ ಔಷಧಿ ಜಾಸ್ತಿ ಪ್ರಮಾಣದಲ್ಲಿ ರಕ್ತಕ್ಕೆ ಸೇರಿದರೆ ಮಿದುಳಿನಲ್ಲೂ ಹೃದಯದಲ್ಲೂ ಅದೇ ಕೆಲಸ ಮಾಡುತ್ತದೆ. ಫಿಟ್ಸ್ ಬರಬಹುದು, ಹೃದಯದ ಲಯ ತಪ್ಪಬಹುದು. ದೊಡ್ಡ ಜಾಗಕ್ಕೆ ಬಳಿದರೆ, ಪ್ಲಾಸ್ಟಿಕ್ ಸುತ್ತಿದರೆ, ಬಿಸಿ ತಾಗಿದರೆ, ಚರ್ಮ ಒಡೆದಿದ್ದರೆ ಔಷಧಿ ಒಳಗೆ ಹೋಗುವುದು ಹೆಚ್ಚುತ್ತದೆ. ನನ್ನ ವಿಷಯದಲ್ಲಿ ಈ ನಾಲ್ಕೂ ಆಗಿದ್ದವು.

ಮನೆಗೆ ಬಂದ ಮೇಲೆ ಇದರ ಬಗ್ಗೆ ಹುಡುಕಿ ಓದಿದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟ್ಯಾಟೂಗೆ ಅಂತಲೇ ಮಾರುವ ಇಂಥ ಕ್ರೀಮ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವ ಕ್ರೀಮಿನಲ್ಲಿ ಲಿಡೋಕೇನ್ 4 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಬಳಸಬೇಡಿ, ಹಚ್ಚಿದ ಮೇಲೆ ಪ್ಲಾಸ್ಟಿಕ್ ಸುತ್ತಬೇಡಿ ಅಂತ ಹೇಳಿತ್ತು. ಅದಕ್ಕೂ ಎಷ್ಟೋ ವರ್ಷ ಮೊದಲು ಅಲ್ಲಿ ಲೇಸರ್‌ನಿಂದ ಕೂದಲು ತೆಗೆಸಲು ಹೊರಟಿದ್ದ ಇಬ್ಬರು ಹುಡುಗಿಯರು, 22 ಮತ್ತು 25 ವರ್ಷದವರು, ಕಾಲಿಗೆ ಮರಗಟ್ಟುವ ಕ್ರೀಮ್ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಜೀವ ಕಳೆದುಕೊಂಡಿದ್ದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಚ್ಚೆಯ ಗತಿಯೂ ಹಾಗೇ ಆಯಿತು. ಮೂರನೇ ದಿನಕ್ಕೆ ಕೈ ಬಾತು ಕೆಂಪಾಗಿ ಕೀವು ಕಟ್ಟಿತು. ಅವ್ವ ಪ್ರೀತಿಯಿಂದ ಅರಿಶಿನ ಅರೆದು ಹಚ್ಚಿದ್ದಳು, ನಾನೂ ಬೇಡ ಅನ್ನಲಿಲ್ಲ. ಹಸಿ ಹಚ್ಚೆ ಅಂದರೆ ಬಾಯಿ ತೆರೆದ ಗಾಯ, ಅದರ ಮೇಲೆ ಡಾಕ್ಟರು ಹೇಳಿದ್ದು ಬಿಟ್ಟು ಏನನ್ನೂ ಹಚ್ಚಬೇಡಿ. ಒಂದು ವಾರ ಆ್ಯಂಟಿಬಯೋಟಿಕ್ ನುಂಗಿದೆ. ಹೊಪ್ಪಳೆ ಉದುರಿದ ಮೇಲೆ ನೋಡಿದರೆ ಕಟ್ಟೆಯ ಎಡಗಡೆ ಗೆರೆ ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯ ಹಾಗೆ ಹರಡಿತ್ತು. ಆಯಿಯ ಕೈ ಮೇಲಿನ ಗೆರೆ ಅಷ್ಟು ವರ್ಷ ಕಳೆದರೂ ನನ್ನದಕ್ಕಿಂತ ಚೆನ್ನಾಗಿತ್ತು. ಅದನ್ನು ನೋಡಿ ತುಂಬ ಅತ್ತೆ.

ಐದು ತಿಂಗಳು ಬಿಟ್ಟು ಸರಿಮಾಡಿಸಲು ಬೆಳಗಾವಿಗೆ ಹೋದೆ. ಗೊತ್ತಿದ್ದವರೊಬ್ಬರು ಹೇಳಿದ ಅಂಗಡಿ, ಹಾಕುವವರು ನನಗಿಂತ ಹತ್ತು ವರ್ಷ ದೊಡ್ಡವರು. ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಕ್ರೀಮ್ ಹಚ್ಚಿದ್ರೇನ್ರೀ?" ಅಂತ ಕೇಳಿದರು. ಹೇಗೆ ಗೊತ್ತಾಯಿತು ಅಂದೆ. ಶಾಯಿ ಕೂರಬೇಕಾದದ್ದು ಮೇಲಿನ ಪದರದ ಕೆಳಗೆ, ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿ. ಮೇಲೇ ಉಳಿದರೆ ಚರ್ಮದ ಜೊತೆ ಉದುರಿ ಹೋಗುತ್ತದೆ. ಜಾಸ್ತಿ ಇಳಿದರೆ ಕೆಳಗಿನ ಕೊಬ್ಬಿನಲ್ಲಿ ಹರಡುತ್ತದೆ. ಕ್ರೀಮಿನಿಂದ ಚರ್ಮ ಮೆತ್ತಗಾದಾಗ ಆಳ ಕೈಗೆ ಸರಿಯಾಗಿ ಸಿಗುವುದಿಲ್ಲವಂತೆ. ಕೂತವರೂ ಕೈ ಎಳೆಯುವುದಿಲ್ಲ, ಮುಖ ಹಿಂಡುವುದಿಲ್ಲ. ಹಾಕುವವನಿಗೆ ತಪ್ಪು ತಿಳಿಸುವವರೇ ಇರುವುದಿಲ್ಲ.

ಅವರು ನನ್ನನ್ನು ಕೂಡಲೇ ಕೂರಿಸಲಿಲ್ಲ. ಮೊದಲು ಕೇಳಿದ್ದು ಊಟದ ವಿಷಯ. ಬಸ್ಸಿನಲ್ಲಿ ಐದು ತಾಸು ಬಂದಿದ್ದೆ, ಹೊಟ್ಟೆ ಖಾಲಿ. "ಉಂಡು ಬರ್ರಿ, ಆಮ್ಯಾಲ ಕೂಡೋಣ" ಅಂದರು. ಅಲ್ಲೇ ಒಬ್ಬ ಹುಡುಗ ಕುತ್ತಿಗೆ ಮೇಲೆ ಹಾಕಿ ಅಂತ ಹಟ ಹಿಡಿದಿದ್ದ. ಮಿಲಿಟರಿ ಭರ್ತಿಗೆ ಓಡುವ ಅಭ್ಯಾಸ ಮಾಡುತ್ತಿದ್ದವನು. ಅವನಿಗೆ ಇವರು ಹಾಕಲಿಲ್ಲ. ಸೈನ್ಯದ ಭರ್ತಿಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈ ಹಿಂಬದಿ ಬಿಟ್ಟರೆ ಬೇರೆ ಕಡೆ ಹಚ್ಚೆ ಇದ್ದವರನ್ನು ತೆಗೆದುಕೊಳ್ಳುವುದಿಲ್ಲ, ಬುಡಕಟ್ಟಿನವರಿಗೆ ಮಾತ್ರ ವಿನಾಯಿತಿ. ಮರಾಠಾ ರೆಜಿಮೆಂಟ್ ಇರುವ ಊರಿನಲ್ಲಿ ಈ ನಿಯಮ ಹೇಳದೆ ಹಾಕಿ ಕಳಿಸುವವರೂ ಇದ್ದಾರಲ್ಲ ಅಂತ ಬೇಸರಪಟ್ಟುಕೊಂಡರು.

ಈ ಸಲ ಕ್ರೀಮ್ ಇಲ್ಲ. ನೋವು ಹೇಗಿರುತ್ತದೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದ್ದಕ್ಕೇ ನಾನು ಆ ಡಬ್ಬಿಗೆ ದುಡ್ಡು ಕೊಟ್ಟದ್ದು. ಇಂಜೆಕ್ಷನ್ ಚುಚ್ಚಿದ ಹಾಗಲ್ಲ. ಬಿಸಿಲಲ್ಲಿ ಸುಟ್ಟ ಚರ್ಮದ ಮೇಲೆ ಯಾರೋ ಉಗುರಿನಿಂದ ಒಂದೇ ಗೆರೆ ನಿಧಾನವಾಗಿ ಗೀರಿದ ಹಾಗೆ. ಮೊದಲ ಐದು ಹತ್ತು ನಿಮಿಷ ಬಹಳ ಕಷ್ಟ, ಎದ್ದು ಹೋಗೋಣ ಅನ್ನಿಸುತ್ತದೆ. ಆಮೇಲೆ ಮೈ ಹೊಂದಿಕೊಳ್ಳುತ್ತದೆ. ಆ ಜಾಗವೆಲ್ಲ ಬೆಚ್ಚಗಾಗಿ ಉರಿ ಒಂದೇ ಹದಕ್ಕೆ ಬರುತ್ತದೆ. ಗೆರೆ ಎಳೆಯುವಾಗ ಚುರುಕು ನೋವು. ಬಣ್ಣ ತುಂಬುವಾಗ ಅದೇ ಜಾಗಕ್ಕೆ ಮತ್ತೆ ಮತ್ತೆ ತಿಕ್ಕಿದ ಹಾಗೆ ಮಂದ ಉರಿ. ನನಗೆ ಸೂಜಿಗಿಂತ ಜಾಸ್ತಿ ಅನ್ನಿಸಿದ್ದು ನಡುನಡುವೆ ಕಾಗದದಿಂದ ಒರೆಸುವಾಗಿನ ಉರಿ. ಮಣಿಕಟ್ಟಿನ ಹತ್ತಿರ ಬಂದಾಗ ಬೆರಳತುದಿಯವರೆಗೂ ಕರೆಂಟ್ ಹೊಡೆದ ಹಾಗಾಯಿತು. ಪಕ್ಕೆಲುಬು, ಕಾಲಗಂಟು, ಬೆನ್ನೆಲುಬು, ಕಂಕುಳ ಹತ್ತಿರ ಇನ್ನೂ ಜಾಸ್ತಿಯಂತೆ. ತೋಳಿನ ಹೊರಭಾಗ, ತೊಡೆ ಕಡಿಮೆ. ಮೊದಲ ಸಲ ಹಾಕಿಸುವವರು ಅಂಥ ಕಡೆ ಸಣ್ಣದೊಂದು ಹಾಕಿಸಿ ನೋಡಿ.

ತಡೆದುಕೊಳ್ಳಲು ಆಗುವಂಥದ್ದೇ ಅದು. ಹಿಂದಿನ ರಾತ್ರಿ ಚೆನ್ನಾಗಿ ಮಲಗಿ, ಹೊಟ್ಟೆ ತುಂಬ ರೊಟ್ಟಿ ಪಲ್ಯ ಉಂಡು, ನೀರು ಕುಡಿದು ಹೋಗಿ. ಹೊಟ್ಟೆ ಖಾಲಿ ಇದ್ದರೆ ಸಣ್ಣ ನೋವಿಗೂ ತಲೆ ಸುತ್ತುತ್ತದೆ. ಧೈರ್ಯ ಬರಲಿ ಅಂತ ಕುಡಿದು ಹೋಗುವವರಿದ್ದಾರೆ, ದಯವಿಟ್ಟು ಬೇಡ, ರಕ್ತ ಜಾಸ್ತಿ ಬರುತ್ತದೆ. ನೋವಿಗೆ ಅಂತ ಆಸ್ಪಿರಿನ್ ನುಂಗಿದರೂ ಹಾಗೇ. ಡಾಕ್ಟರೇ ದಿನಾ ತೆಗೆದುಕೊಳ್ಳಲು ಬರೆದುಕೊಟ್ಟಿದ್ದರೆ ಮಾತ್ರ ನೀವಾಗಿ ಬಿಡಬೇಡಿ, ಅವರನ್ನೇ ಕೇಳಿ. ಬೆಳಗಾವಿಯಲ್ಲಿ ಅವರು ಗೆರೆ ಶುರು ಮಾಡುವಾಗ "ಉಸಿರು ಬಿಡ್ರಿ" ಅನ್ನುತ್ತಿದ್ದರು. ಉಸಿರು ಹಿಡಿದರೆ ಮೈ ಬಿಗಿಯುತ್ತದೆ, ನೋವು ಜಾಸ್ತಿ ಆಗುತ್ತದೆ. ಅರ್ಧ ತಾಸಿಗೊಮ್ಮೆ ನಿಲ್ಲಿಸಿ ಎರಡು ನಿಮಿಷ ಬಿಡುತ್ತಿದ್ದರು. ನನ್ನ ಚೀಲದಲ್ಲಿ ಶೇಂಗಾ ಉಂಡಿ ಇತ್ತು, ಆಗ ಒಂದು ತಿಂದೆ, ನಡುಕ ನಿಂತಿತು. "ಸಾಕು ಅಂದ್ರ ಸಾಕು, ಇನ್ನೊಮ್ಮೆ ಬರ್ರಿ" ಅಂದಿದ್ದರು ಮೊದಲೇ. ಆ ಒಂದು ಮಾತಿಗೇ ನನ್ನ ಅರ್ಧ ಭಯ ಹೋಗಿತ್ತು.

ಸೂಜಿಯನ್ನು ನನ್ನ ಕಣ್ಣೆದುರೇ ಸೀಲ್ ಒಡೆದು ತೆಗೆದರು. ಹೊಸ ಗ್ಲೌಸ್, ಸಣ್ಣ ಬಟ್ಟಲಿನಲ್ಲಿ ಬೇರೆಯಾಗಿ ಸುರಿದ ಶಾಯಿ. ಇದನ್ನು ನೋಡದೆ ಕೈ ಕೊಡಬೇಡಿ. ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಬರಬಹುದು. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಸಾಲಾಗಿ ಹೆಸರು ಬರೆಯುವುದನ್ನು ನಾನೇ ನೋಡಿದ್ದೇನೆ.

ಕ್ರೀಮ್ ಬೇಕೇ ಬೇಕು ಅನ್ನುವವರು ಮೊದಲು ಚರ್ಮದ ಡಾಕ್ಟರನ್ನು ಕೇಳಿ. ಅವರು ಬರೆದುಕೊಟ್ಟದ್ದನ್ನು, ಹೇಳಿದಷ್ಟೇ ಜಾಗಕ್ಕೆ, ಹೇಳಿದಷ್ಟೇ ಹೊತ್ತು ಹಚ್ಚಿ. ಒಡೆದ ಚರ್ಮದ ಮೇಲೆ ಯಾರಿಗೂ ಹಚ್ಚಲು ಬಿಡಬೇಡಿ. ತುಟಿ ಜೋಮು, ಕಿವಿಯಲ್ಲಿ ಸದ್ದು, ತಲೆ ಸುತ್ತು, ಎದೆ ಬಡಿತದಲ್ಲಿ ಏರುಪೇರು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಕ್ರೀಮ್ ತೊಳೆದು ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ. ಡಬ್ಬಿಯನ್ನು ಜೊತೆಗೇ ಒಯ್ಯಿರಿ.

ಕಾಕಾನ ಮಗಳಿಗೆ ನಾನು ಬೇಡ ಅನ್ನಲಿಲ್ಲ. ಅಂಗಡಿಗೆ ಫೋನ್ ಮಾಡಿ ಕ್ರೀಮಿನ ಹೆಸರು ಕೇಳು, ಅಷ್ಟೇ ಅಂದೆ. ಕೇಳಿದಳಂತೆ. "ಅದು ನಮ್ಮದ ಸ್ಪೆಷಲ್ ಐತ್ರಿ, ಹೆಸರಿಲ್ಲ" ಅಂದರಂತೆ. ಕೊಟ್ಟಿದ್ದ ಮುಂಗಡ ವಾಪಸ್ ಸಿಗಲಿಲ್ಲ, ಆದರೂ ಬರುವ ಭಾನುವಾರ ಅವಳು ಅಲ್ಲಿಗೆ ಹೋಗುತ್ತಿಲ್ಲ.