ಐಇಪಿ, 504: ಅಮೆರಿಕದ ಶಾಲೆಗಳ ಈ ಎರಡು ಪ್ಲಾನ್‌ಗಳಲ್ಲಿ ಯಾವುದು ಗಟ್ಟಿ?

ಅಂಗವೈಕಲ್ಯವಿರುವ ಮಕ್ಕಳಿಗೆ ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಎರಡು ಬಗೆಯ ನೆರವು ಸಿಗುತ್ತದೆ: 504 ಪ್ಲಾನ್ ಮತ್ತು ಐಇಪಿ, ಅಂದರೆ ಆ ಮಗುವಿಗೆಂದೇ ಬರೆದ ಶಿಕ್ಷಣ ಯೋಜನೆ. ಎರಡೂ ಉಚಿತ, ಆದರೆ ಎರಡೂ ಒಂದೇ ಅಲ್ಲ.

504 ಪ್ಲಾನ್ 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್‌ನಿಂದ ಬಂದದ್ದು. ಪರೀಕ್ಷೆಗೆ ಹೆಚ್ಚು ಸಮಯ, ಮುಂದಿನ ಸಾಲಿನಲ್ಲಿ ಜಾಗ, ಮಧುಮೇಹವಿದ್ದರೆ ತರಗತಿಯಲ್ಲೇ ಸಕ್ಕರೆ ಮಟ್ಟ ನೋಡಿಕೊಳ್ಳುವ ಅನುಕೂಲ, ಇಂಥವು ಸಾಕೆನಿಸುವ ಮಗುವಿಗೆ ಇದು ಚೆನ್ನಾಗಿಯೇ ಒದಗುತ್ತದೆ. ಪಾಠವನ್ನೇ ಬೇರೆ ರೀತಿ ಕಲಿಸಬೇಕಾದ ಮಗುವಿಗೆ ಮಾತ್ರ ಸಾಲದು. ಅಳೆಯಬಹುದಾದ ಗುರಿ ಬರೆಯಲೇಬೇಕೆಂಬ ನಿಯಮ ಇದರಲ್ಲಿಲ್ಲ.

ಅಂಥ ಮಗುವಿಗೆ ಐಇಪಿಯೇ ಬೇಕು. ವೈದ್ಯರ ವರದಿಯೊಂದನ್ನೇ ತೋರಿಸಿದರೆ ಅದು ಸಿಗುವುದಿಲ್ಲ. ಐಇಪಿಗೆ ಆಧಾರವಾದ ವಿಶೇಷ ಶಿಕ್ಷಣ ಕಾಯ್ದೆ ‘ಐಡಿಇಎ’ಯ 13 ಅಂಗವೈಕಲ್ಯ ವರ್ಗಗಳಲ್ಲಿ ಒಂದಕ್ಕೆ ಮಗು ಸೇರಬೇಕು, ಆ ಕಾರಣಕ್ಕೆ ವಿಶೇಷ ಬೋಧನೆಯ ಅಗತ್ಯವೂ ಇರಬೇಕು. ಇದನ್ನು ತೀರ್ಮಾನಿಸಲು ಮಗುವಿನ ಮೌಲ್ಯಮಾಪನ ಬೇಕೆಂದು ಶಾಲೆಯನ್ನು ಬರವಣಿಗೆಯಲ್ಲೇ ಕೇಳಿ, ದಿನಾಂಕ ಹಾಕಿ. ಬಹಳ ಪೋಷಕರು ಎಡವುವುದು ಇಲ್ಲೇ: ಮೌಲ್ಯಮಾಪನ ಮುಗಿಸಲು ಇರುವ 60 ದಿನಗಳ ಗಡುವು ಶುರುವಾಗುವುದು ಕೇಳಿದ ದಿನದಿಂದಲ್ಲ, ನೀವು ಸಹಿ ಹಾಕಿದ ಒಪ್ಪಿಗೆ ಪತ್ರ ಶಾಲೆಯ ಕೈಸೇರಿದ ದಿನದಿಂದ. ಕೆಲವು ರಾಜ್ಯಗಳು ಬೇರೆ ಗಡುವು ಇಟ್ಟುಕೊಂಡಿವೆ. ಮಗು ಅರ್ಹವೆಂದು ತೀರ್ಮಾನವಾದ 30 ದಿನಗಳೊಳಗೆ ಐಇಪಿ ಸಭೆ ನಡೆಯಬೇಕು.

ಕೈಗೆ ಬಂದ ಐಇಪಿಯಲ್ಲಿ ಎರಡು ಕಡೆ ನಿಧಾನವಾಗಿ ಓದಿ. ಮೊದಲನೆಯದು ಗುರಿ. ‘ಓದು ಸುಧಾರಿಸುತ್ತದೆ’ ಎಂದಷ್ಟೇ ಬರೆದಿದ್ದರೆ ವರ್ಷದ ಕೊನೆಗೆ ಯಾರನ್ನೂ ಏನೂ ಕೇಳಲಾಗದು. ‘2ನೇ ತರಗತಿ ಮಟ್ಟದ ಹೊಸ ಗದ್ಯಭಾಗವನ್ನು ನಿಮಿಷಕ್ಕೆ 80 ಪದದಂತೆ, 4 ಸಲದಲ್ಲಿ 3 ಸಲ ಓದುತ್ತಾಳೆ, ಈಗ 45 ಪದ’ ಎಂದಿದ್ದರೆ ಲೆಕ್ಕ ಸಿಗುತ್ತದೆ. ಈಗಿನ ಮಟ್ಟದ ಅಂಕಿ ಬಿಟ್ಟುಹೋಗಿದ್ದರೆ ಗುರಿಯೂ ಅರ್ಧಂಬರ್ಧವೇ.

ಎರಡನೆಯದು ಸೇವೆಯ ನಿಮಿಷಗಳು. ಸ್ಪೀಚ್ ಥೆರಪಿ ‘ತಿಂಗಳಿಗೆ 120 ನಿಮಿಷ’ ಎಂದಿದ್ದರೆ ಎರಡು ವಾರ ಏನೂ ನಡೆಯದೆ ಕೊನೆಗೆ ಒಟ್ಟಿಗೆ ತುಂಬಿಸಲು ದಾರಿಯಿದೆ. ‘ವಾರಕ್ಕೆ 30 ನಿಮಿಷ’ ಎಂದೇ ಬರೆಸಿ. ‘ಅಗತ್ಯ ಬಿದ್ದಾಗ’ ಎಂಬ ಮಾತನ್ನು ತೆಗೆಸಿ; ಅಗತ್ಯ ಬಿತ್ತೇ ಎಂದು ನಿರ್ಧರಿಸುವವರು ಯಾರೆಂಬುದೇ ಅದರಲ್ಲಿರುವುದಿಲ್ಲ.

ಇಂಗ್ಲಿಷ್ ಕಷ್ಟವಾದರೆ ಸಭೆಗೆ ಕನ್ನಡ ದುಭಾಷಿ ಬೇಕೆಂದು ಮೊದಲೇ ತಿಳಿಸಿ, ವ್ಯವಸ್ಥೆ ಮಾಡುವ ಹೊಣೆ ಶಾಲೆಯದು. ಮಗುವಿನಿಂದ ಅನುವಾದ ಮಾಡಿಸಬೇಡಿ.

ವರ್ಷಕ್ಕೊಮ್ಮೆಯಾದರೂ ಪರಿಶೀಲನೆ, ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ ಮರುಮೌಲ್ಯಮಾಪನ ನಡೆಯುತ್ತದೆ. ಶಾಲೆಯ ಮೌಲ್ಯಮಾಪನ ಒಪ್ಪಿಗೆಯಾಗದಿದ್ದರೆ ಹೊರಗಿನ ತಜ್ಞರಿಂದ ಸ್ವತಂತ್ರ ಮೌಲ್ಯಮಾಪನ ಕೇಳಬಹುದು. ಆಗ ಶಾಲೆ ಒಂದೋ ಅದರ ಖರ್ಚು ಭರಿಸಬೇಕು, ಇಲ್ಲವೇ ತನ್ನದೇ ಸರಿಯೆಂದು ವಿಚಾರಣೆಗೆ ಹೋಗಬೇಕು.